ದಯಾಮರಣ ಕೇಳುವವರು ಏನನ್ನು ಕೇಳುತ್ತಿದ್ದಾರೆ?

ಹೊನ್ನಾವರ ತಾಲೂಕಿನ ಹಳದೀಪುರದಿಂದ ನರ್ಸ್ ಆಗಬೇಕೆಂದು ಮುಂಬೈಗೆ ಹೋದ ಅರುಣಾ ಶಾನಭಾಗರ ಹೆಸರನ್ನು ಬಿಟ್ಟು ನಮ್ಮ ದೇಶದಲ್ಲಿ ದಯಾಮರಣದ ಬಗ್ಗೆ ಮಾತನಾಡಲು ಸಾಧ್ಯವಿಲ್ಲ. 1973ರ ನವೆಂಬರ್ 27ರಂದು ಅವರು ಕೆಲಸ ಮಾಡುತ್ತಿದ್ದ ಕೆ.ಇ.ಎಂ. ಆಸ್ಪತ್ರೆಯಲ್ಲೇ ಅಲ್ಲಿನ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಅತ್ಯಾಚಾರವೆಸಗಿದ. ಮೆದುಳಿಗೆ ಆಮ್ಲಜನಕ ಹೋಗದೆ ಅರುಣಾ ಮತ್ತೆಂದೂ ಎದ್ದು ನಡೆಯಲಿಲ್ಲ, ಮಾತನಾಡಲಿಲ್ಲ. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ ಸುಮಾರು 42 ವರ್ಷ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು.

ಅವರ ಬದುಕನ್ನು ಪುಸ್ತಕವಾಗಿಸಿದ್ದ ಪತ್ರಕರ್ತೆ ಪಿಂಕಿ ವಿರಾನಿ, ಈ ಸ್ಥಿತಿಯಿಂದ ಅರುಣಾರಿಗೆ ಬಿಡುಗಡೆ ಕೊಡಿ, ಆಹಾರ ಕೊಡುವುದನ್ನು ನಿಲ್ಲಿಸಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಆಸ್ಪತ್ರೆಯ ನರ್ಸುಗಳು ಒಪ್ಪಲಿಲ್ಲ. ಅರುಣಾರ ಜೊತೆ ಕೆಲಸ ಮಾಡಿದವರು ನಿವೃತ್ತರಾಗಿ ಹೋಗಿದ್ದರು. ಅವರನ್ನು ಆರೋಗ್ಯವಾಗಿ ಒಮ್ಮೆಯೂ ಕಾಣದವರು ಸರದಿಯ ಮೇಲೆ ಬಂದು ಮೈ ಒರೆಸಿ, ಮಗ್ಗುಲು ಬದಲಿಸಿ, ಊಟ ಮಾಡಿಸುತ್ತಿದ್ದರು. ಎಂಬತ್ತರ ದಶಕದಲ್ಲಿ ಪಾಲಿಕೆಯವರು ಅವರನ್ನು ಅಲ್ಲಿಂದ ಸಾಗಿಸಲು ಹೊರಟಾಗ ಪ್ರತಿಭಟಿಸಿ ತಡೆದದ್ದೂ ಈ ನರ್ಸುಗಳೇ. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯ ಅವರ ಮಾತಿಗೇ ಬೆಲೆ ಕೊಟ್ಟಿತು. ಅರುಣಾರ ಪರವಾಗಿ ನಿರ್ಧರಿಸುವ ಹಕ್ಕು ಅವರನ್ನು ಸಾಕಿದವರದ್ದು, ಅರ್ಜಿದಾರರದ್ದಲ್ಲ ಎಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು. ಆದರೆ ಅದೇ ತೀರ್ಪಿನಲ್ಲಿ, ಅಪರೂಪದ ಸಂದರ್ಭಗಳಲ್ಲಿ ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಬಹುದು ಎಂಬ ಬಾಗಿಲನ್ನೂ ತೆರೆಯಿತು.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಗುಣವಾಗುವ ಭರವಸೆಯೇ ಇಲ್ಲದ ರೋಗಿಯ ವೆಂಟಿಲೇಟರ್ ತೆಗೆಯುವುದು, ಇನ್ನೊಂದು ಆಪರೇಷನ್ ಬೇಡವೆನ್ನುವುದು ಒಂದು. ಔಷಧ ಚುಚ್ಚಿ ಸಾಯಿಸುವುದು ಇನ್ನೊಂದು. ಮೊದಲನೆಯದರಲ್ಲಿ ರೋಗ ತನ್ನ ಕೆಲಸ ಮಾಡುತ್ತದೆ, ಎರಡನೆಯದರಲ್ಲಿ ಮನುಷ್ಯ. ಪತ್ರಿಕೆಗಳು ಎರಡಕ್ಕೂ ದಯಾಮರಣವೆಂಬ ಒಂದೇ ಹೆಸರಿಟ್ಟಿರುವುದರಿಂದ ಚರ್ಚೆ ಶುರುವಾದ ಐದು ನಿಮಿಷಕ್ಕೇ ಗೊಂದಲವಾಗುತ್ತದೆ. ನಮ್ಮ ಕಾನೂನಿನಲ್ಲಿ ಗೊಂದಲವಿಲ್ಲ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಮೊದಲನೆಯದನ್ನು ಘನತೆಯಿಂದ ಬದುಕುವ ಹಕ್ಕಿನ ಭಾಗವೆಂದು ಒಪ್ಪಿಕೊಂಡಿತು. ತನಗೆ ಎಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಉಯಿಲಿಗೂ ಮಾನ್ಯತೆ ಸಿಕ್ಕಿತು. ಅದರ ಕ್ರಮ ಎಷ್ಟು ಜಟಿಲವಾಗಿತ್ತೆಂದರೆ ಉಯಿಲನ್ನು ಮ್ಯಾಜಿಸ್ಟ್ರೇಟರ ಮುಂದೆ ದೃಢೀಕರಿಸಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಲಾಯಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ಚಿಕಿತ್ಸೆ ನಿಲ್ಲಿಸುವ ಮೊದಲು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಇದರ ಆಧಾರದ ಮೇಲೆ 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಆದೇಶ ಹೊರಡಿಸಿತು. ಔಷಧ ಚುಚ್ಚಿ ಸಾಯಿಸುವುದು ಮಾತ್ರ ಇಂದಿಗೂ ಅಪರಾಧವೇ.

ಚಿಕಿತ್ಸೆ ನಿಲ್ಲಿಸುವ ವಿಷಯದಲ್ಲಿ ನಮಗೆ ಆಕ್ಷೇಪವಿಲ್ಲ. ಸಾವನ್ನು ಯಂತ್ರದ ಬಾಲಕ್ಕೆ ಕಟ್ಟಿ ಎಳೆದಾಡುವುದು ಪುಣ್ಯದ ಕೆಲಸವೇನೂ ಅಲ್ಲ. ಧಾರ್ಮಿಕ ಪರಂಪರೆಗಳೂ ಈ ಅಂತರವನ್ನು ಬಲ್ಲವು. ಜೀವ ದೇವನು ಒಪ್ಪಿಸಿದ ಅಮಾನತ್ತು, ಅದನ್ನು ಮುಗಿಸುವ ಅಧಿಕಾರ ನಮಗಿಲ್ಲ ಎನ್ನುವ ಇಸ್ಲಾಮಿನಲ್ಲೇ ಪ್ರವಾದಿಯವರ ಬಳಿ ಬಂದ ಮೂರ್ಛೆರೋಗದ ಮಹಿಳೆಯ ಪ್ರಸಂಗವಿದೆ. ಗುಣವಾಗಲೆಂಬ ಪ್ರಾರ್ಥನೆ ಮತ್ತು ಸಹನೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಅವರು ಹೇಳಿದಾಗ ಆಕೆ ಸಹನೆಯನ್ನು ಆರಿಸಿದಳು. ಎಲ್ಲ ಚಿಕಿತ್ಸೆಯೂ ಎಲ್ಲರಿಗೂ ಕಡ್ಡಾಯವಲ್ಲ ಎನ್ನಲು ವಿದ್ವಾಂಸರು ಈ ಪ್ರಸಂಗವನ್ನೇ ನೆನೆಯುತ್ತಾರೆ. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳು ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಹೆಸರುಗಳನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದಿವೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಯೆಂದು ಕರೆದಾಗ ಜೈನರು ಬೀದಿಗಿಳಿದರು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಸಲ್ಲೇಖನ ಕೈಗೊಳ್ಳುವವನು ಇನ್ನೊಬ್ಬನ ಕೈಯಿಂದ ಸಾವನ್ನು ಕೇಳುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಹಾಗಾದರೆ ಪ್ರಶ್ನೆ ಉಳಿಯುವುದು ಎರಡನೆಯದರ ಬಗ್ಗೆ. ನೋವಿನಿಂದ ನರಳುತ್ತಿರುವ, ಸಾವು ಖಚಿತವಾಗಿರುವ ಮನುಷ್ಯ ತಾನಾಗಿಯೇ ಕೇಳಿಕೊಂಡರೂ ಒಂದು ಇಂಜೆಕ್ಷನ್ ಕೊಡಬಾರದೇ? ಜೀವ ಅವನದ್ದು, ನೋವು ಅವನದ್ದು, ಬೇಡವೆನ್ನಲು ನೀವ್ಯಾರು? ಈ ಪ್ರಶ್ನೆಯನ್ನು ಧರ್ಮಗ್ರಂಥದ ಒಂದು ವಾಕ್ಯ ಹೇಳಿ ಮುಗಿಸಬಹುದೆಂದು ನಮಗನಿಸುವುದಿಲ್ಲ. ಕೇಳುವವನು ಆ ಗ್ರಂಥವನ್ನು ನಂಬದೇ ಇರಬಹುದು. ನಂಬಿದವನಿಗೂ ನೋವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮಗೆ ಪರಿಚಯದ ಹಿರಿಯರೊಬ್ಬರಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಬೀಡಿ ಬ್ರಾಂಚಿನಲ್ಲಿ ಚೆಕ್ಕರ್ ಆಗಿದ್ದವರು. ಕಟ್ಟಿನಲ್ಲಿ ಒಂದು ಬೀಡಿ ಸಡಿಲವಾಗಿದ್ದರೂ ಹಿಂದಕ್ಕೆ ತಳ್ಳುತ್ತಿದ್ದ ಖಡಕ್ ಮನುಷ್ಯ. ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲವೆಂದು ಮನೆಗೆ ಕಳಿಸಿದ್ದರು. ನಾವು ನೋಡಲು ಹೋದಾಗ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮಾತು ಹೊರಡುತ್ತಿರಲಿಲ್ಲ. ಕೈಸನ್ನೆಯಲ್ಲಿ ತೋಳು ತೋರಿಸಿ, ಸೂಜಿ ಚುಚ್ಚಿದಂತೆ ಮಾಡಿ, ಕಣ್ಣು ಮುಚ್ಚಿ ತೋರಿಸಿದರು. ಅವರ ಹೆಂಡತಿ, “ಬಂದವರಿಗೆಲ್ಲ ಹೀಗೇ ಮಾಡ್ತಾರೆ, ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ” ಎಂದರು. ನಮಗೆ ಹೇಳಲು ಏನೂ ತೋಚಲಿಲ್ಲ. ಸಹನೆಯ ಬಗ್ಗೆ ಎಷ್ಟೋ ಬರೆದವರು ನಾವು, ಅಂದು ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ.

ಆಮೇಲೆ ಯಾರೋ ಹೇಳಿದರೆಂದು ಅವರ ಅಳಿಯ ದೂರದ ಒಂದು ಆಸ್ಪತ್ರೆಗೆ ಹೋಗಿ ಮಾರ್ಫಿನ್ ಮಾತ್ರೆ ತಂದ. ಅದಕ್ಕೆ ಮೂರು ದಿನ ಓಡಾಟವಾಯಿತು. ಎರಡು ವಾರ ಬಿಟ್ಟು ನಾವು ಮತ್ತೆ ಹೋದಾಗ ಅವರು ದಿಂಬಿಗೆ ಒರಗಿ ಕೂತಿದ್ದರು. ಮಗುಚಿಟ್ಟ ಪೇಪರ್ ಪಕ್ಕದಲ್ಲಿತ್ತು. ಸ್ಲೇಟಿನ ಮೇಲೆ ಬರೆದು ಬ್ರಾಂಚಿನ ಲೆಕ್ಕ ವಿಚಾರಿಸಿದರು. ನಮ್ಮನ್ನು ಬ್ರಾಂಚಿನವರೆಂದು ತಿಳಿದರೋ ಏನೋ! ಇಂಜೆಕ್ಷನ್ನಿನ ಸನ್ನೆ ಮಾಡಲಿಲ್ಲ. ಇನ್ನೂ ಎರಡು ತಿಂಗಳು ಇದ್ದರು. ಕೊನೆಯ ವಾರ ಕಷ್ಟದ್ದೇ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊದಲ ದಿನ ಅವರು ಕೇಳಿದ್ದು ಸಾವನ್ನೇ ಆಗಿದ್ದರೆ, ಒಂದು ಮಾತ್ರೆಯಿಂದ ಆ ಬೇಡಿಕೆ ಹೇಗೆ ಹೋಯಿತು? ಅವರಿಗೆ ಬೇಕಿದ್ದದ್ದು ನೋವು ನಿಲ್ಲುವುದು. ಅದಕ್ಕೆ ಅವರಿಗೆ ಗೊತ್ತಿದ್ದ ದಾರಿ ಸಾವೊಂದೇ ಆಗಿತ್ತು.

ಆ ಮೂರು ದಿನದ ಓಡಾಟ ಏಕೆ ಬೇಕಾಯಿತು ಎಂಬುದು ನಮ್ಮನ್ನು ಬಹಳ ಕಾಡಿದೆ. ಔಷಧಕ್ಕೆಂದು ಸರಕಾರದ ಪರವಾನಿಗೆಯಲ್ಲಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತದೆ, ಹೊರದೇಶಗಳಿಗೂ ಹೋಗುತ್ತದೆ. ಆದರೆ 1985ರ ಮಾದಕವಸ್ತು ತಡೆ ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ಕಾಟಕ್ಕೂ ಜೈಲಿನ ಭಯಕ್ಕೂ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಒಂದು ತಲೆಮಾರಿನ ವೈದ್ಯರು ಅದನ್ನು ಬರೆದುಕೊಡಲು ಕಲಿಯದೆಯೇ ಪದವಿ ಪಡೆದರು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಒಂದೇ ಅನುಮತಿ ಸಾಕೆಂದಾಯಿತು. ಕಾನೂನು ಬದಲಾದಷ್ಟು ಬೇಗ ಭಯ ಹೋಗುವುದಿಲ್ಲ. ಬಾಯಿಯಿಂದ ತೆಗೆದುಕೊಳ್ಳುವ ಮಾರ್ಫಿನ್ ದುಬಾರಿ ಔಷಧವೇನಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಪ್ರಾಯಶಃ ಅದರಲ್ಲಿ ಲಾಭ ಕಡಿಮೆ ಇರುವುದೂ ಅದು ಸಿಗದಿರುವುದಕ್ಕೆ ಒಂದು ಕಾರಣವಿರಬಹುದು.

ಮಾಡಲು ಸಾಧ್ಯವಿಲ್ಲದ ಕೆಲಸ ಇದಲ್ಲ. ಪಕ್ಕದ ಕೇರಳವನ್ನೇ ನೋಡಿ. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ನೋವು ನಿವಾರಣೆಗೆಂದೇ ಒಂದು ಸಂಸ್ಥೆ ಕಟ್ಟಿದರು. ಆಮೇಲೆ ಊರ ಜನರೇ ಇದಕ್ಕೆ ಕೈಜೋಡಿಸಿದರು. ಮಲಪ್ಪುರಂ ಜಿಲ್ಲೆಯಲ್ಲಿ ಅಂಗಡಿಯವರು, ವಿದ್ಯಾರ್ಥಿಗಳು, ಗೃಹಿಣಿಯರು ತರಬೇತಿ ಪಡೆದು ರೋಗಿಗಳ ಮನೆ ಮನೆಗೆ ಹೋಗತೊಡಗಿದರು. 2008ರಲ್ಲಿ ಸರಕಾರವೂ ಇದಕ್ಕೊಂದು ನೀತಿ ರೂಪಿಸಿ ಪಂಚಾಯತುಗಳಿಗೆ ಜವಾಬ್ದಾರಿ ವಹಿಸಿತು. ನಮ್ಮಲ್ಲೂ ಬೆಂಗಳೂರಿನ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತದೆ. ಆದರೆ ಯಾದಗಿರಿಯ ರೋಗಿಗೆ ಬೆಂಗಳೂರು ಎಷ್ಟು ದೂರ!

ನೋವಿಗೆ ಔಷಧವುಂಟು, ಸರಿ. ಆದರೆ ನೋವೊಂದೇ ಕಾರಣವೇ? ಅಮೆರಿಕದ ಓರೆಗಾನ್ ರಾಜ್ಯದಲ್ಲಿ 1997ರಿಂದ, ಆರು ತಿಂಗಳಿಗಿಂತ ಹೆಚ್ಚು ಬದುಕಲಾರದ ರೋಗಿಗಳು ವೈದ್ಯರಿಂದ ಔಷಧ ಬರೆಸಿಕೊಂಡು ತಾವೇ ಕುಡಿದು ಸಾಯಲು ಅವಕಾಶವಿದೆ. ಏಕೆ ಕೇಳಿದರೆಂಬುದನ್ನು ಅಲ್ಲಿನ ಆರೋಗ್ಯ ಇಲಾಖೆ ವರ್ಷವರ್ಷವೂ ಪ್ರಕಟಿಸುತ್ತದೆ. ನೋವು ಆ ಪಟ್ಟಿಯಲ್ಲಿ ಕೆಳಗಿದೆ. ಮೇಲಿರುವುದು ನನ್ನ ಬದುಕಿನ ಮೇಲೆ ನನ್ನ ಹಿಡಿತ ತಪ್ಪಿತು, ಸಂತೋಷ ಕೊಡುವುದನ್ನು ಮಾಡಲಾಗುತ್ತಿಲ್ಲ, ಘನತೆ ಹೋಯಿತು ಎಂಬ ಕಾರಣಗಳು. ಮನೆಯವರಿಗೆ ಹೊರೆಯಾಗುತ್ತೇನೆಂಬುದು ಕೂಡ ನೋವಿಗಿಂತ ಮೇಲಿದೆ. ವಿಮೆ, ಪಿಂಚಣಿ, ನರ್ಸಿಂಗ್ ವ್ಯವಸ್ಥೆಗಳಿರುವ ಶ್ರೀಮಂತ ನಾಡಿನ ಮಾತಿದು. ಕೆನಡಾ 2016ರಲ್ಲಿ ಸಾವು ಹತ್ತಿರವಿರುವವರಿಗೆಂದು ಕಾನೂನು ಮಾಡಿತು. ಐದೇ ವರ್ಷಗಳಲ್ಲಿ, ಸಾವು ಹತ್ತಿರವಿಲ್ಲದ ದೀರ್ಘ ರೋಗಿಗಳಿಗೂ ಅಂಗವಿಕಲರಿಗೂ ಅದನ್ನು ವಿಸ್ತರಿಸಿತು. ಅಲ್ಲಿನ ಅಂಗವಿಕಲರ ಸಂಘಟನೆಗಳೇ ಇದನ್ನು ವಿರೋಧಿಸಿದವು. ಬದುಕಲು ಬೇಕಾದ ನೆರವು ಕೇಳಿದವರಿಗೆ ಸಾಯಲು ನೆರವು ಸುಲಭವಾಗಿ ಸಿಗುವಂತಾಯಿತು ಎಂಬುದು ಅವರ ದೂರು.

ನಮ್ಮ ಮನೆಗಳ ವಿಷಯಕ್ಕೆ ಬನ್ನಿ. ದೇಶದಲ್ಲಿ ಆರೋಗ್ಯಕ್ಕಾಗುವ ಒಟ್ಟು ಖರ್ಚಿನಲ್ಲಿ ಐದರಲ್ಲಿ ಸುಮಾರು ಎರಡು ಪಾಲು ಇಂದಿಗೂ ಜನರ ಕಿಸೆಯಿಂದಲೇ ಹೋಗುತ್ತದೆ. ಐಸಿಯು ಬಾಗಿಲಲ್ಲಿ ಕೂತವರ ಮಾತು ಕೇಳಿದವರಿಗೆ ಗೊತ್ತು, ಅಲ್ಲಿ ಅರ್ಧ ಚರ್ಚೆ ಜೀವದ್ದು, ಅರ್ಧ ಚರ್ಚೆ ಹಣದ್ದು. ಬಂಗಾರ ಅಡವಿಟ್ಟಾಗಿದೆ, ಇನ್ನು ಜಾಗವೊಂದಿದೆ. ಕೊನೆಗೆ ಕುಟುಂಬದವರು, ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ ಎಂದು ಸಹಿ ಹಾಕಿ ರೋಗಿಯನ್ನು ಮನೆಗೆ ತರುತ್ತಾರೆ. ಆಂಬ್ಯುಲೆನ್ಸಿನಲ್ಲಿ ಕೈಯಿಂದ ಗಾಳಿ ಒತ್ತುತ್ತಾ ಬಂದು, ಮನೆ ತಲುಪಿದ ಮೇಲೆ ನಳಿಗೆ ತೆಗೆಯುತ್ತಾರೆ. ಎರಡು ಮಂಡಳಿಗಳೂ ಇಲ್ಲ, ಉಯಿಲೂ ಇಲ್ಲ, ನೋವಿಗೆ ಔಷಧವೂ ಇಲ್ಲ. ಬಡವರ ದಯಾಮರಣ ಈ ದೇಶದಲ್ಲಿ ಹೀಗೆ ನಡೆಯುತ್ತಿದೆ. ಇದಕ್ಕೆ ಯಾವ ಪೀಠವೂ ಕೂತಿಲ್ಲ.

ಇಂಥ ನಾಡಿನಲ್ಲಿ ಇಂಜೆಕ್ಷನ್ನಿಗೆ ಕಾನೂನಿನ ಒಪ್ಪಿಗೆ ಸಿಕ್ಕರೆ ಅದನ್ನು ಮೊದಲು ಕೇಳುವವರು ಯಾರು? ನಮ್ಮ ತಾಯಂದಿರೇ ಎಂದು ನಮಗನಿಸುತ್ತದೆ. ಜೀವಮಾನವಿಡೀ ಕೊನೆಗೆ ಉಂಡವರು, ಮೀನಿನ ತಲೆ ತಮಗಿರಲಿ ಎಂದವರು, ಕಾಯಿಲೆಯಾದಾಗ “ನನಗೇಕೆ ಇಷ್ಟು ಖರ್ಚು ಮಾಡ್ತೀರಿ” ಎನ್ನದೆ ಇರುತ್ತಾರೆಯೇ? ಮಗ ಬೇಡವೆನ್ನಬಹುದು. ಆದರೆ ಆಯ್ಕೆಯೊಂದು ಕಾನೂನಿನಲ್ಲಿ ಇದೆಯೆಂದ ಮೇಲೆ, ಅದನ್ನು ಆರಿಸದೆ ಉಳಿದದ್ದಕ್ಕೆ ಆಕೆ ಮನಸ್ಸಿನಲ್ಲೇ ದಿನವೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಇಂದು ಆಕೆ ಬದುಕಿರುವುದಕ್ಕೆ ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಆಕೆಯಿಂದ ಅದನ್ನು ಕಸಿದುಕೊಳ್ಳುವ ಕಾನೂನಿಗೆ ಸ್ವಾತಂತ್ರ್ಯವೆಂಬ ಹೆಸರು ಒಪ್ಪುವುದಿಲ್ಲ. ನಾವು ಇದನ್ನು ವಿರೋಧಿಸುವ ಮುಖ್ಯ ಕಾರಣ ಇದೇ.

ಹಾಗೆಂದು ನಮ್ಮ ವಾದಕ್ಕೆ ಸಿಗದವರು ಇಲ್ಲವೆಂದಲ್ಲ. 2004ರಲ್ಲಿ ಹೈದರಾಬಾದಿನ ಒಬ್ಬ ತರುಣನ ಸುದ್ದಿ ಬಂದಿತ್ತು. ಸ್ನಾಯುಗಳು ಒಂದೊಂದಾಗಿ ಸೋಲುವ ರೋಗ. ಒಳ್ಳೆಯ ಚೆಸ್ ಆಟಗಾರ. ಸೋಂಕು ತಗಲಿ ಅಂಗಗಳು ಕೆಡುವ ಮೊದಲೇ ತಾನು ಸತ್ತರೆ ಬೇರೆಯವರಿಗೆ ಅವು ಉಪಯೋಗವಾದಾವು, ಹಾಗಾಗಿ ಈಗಲೇ ಬಿಡುಗಡೆ ಕೊಡಿ ಎಂಬುದು ಅವನ ಆಸೆಯಾಗಿತ್ತು. ಅವನ ತಾಯಿಯೇ ಆ ಬೇಡಿಕೆ ಹಿಡಿದು ಆಂಧ್ರಪ್ರದೇಶ ಹೈಕೋರ್ಟಿಗೆ ಹೋದರು. ಕಾನೂನಿನಲ್ಲಿ ಅವಕಾಶವಿಲ್ಲವೆಂದು ಕೋರ್ಟ್ ನಿರಾಕರಿಸಿತು. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ.

ಅವನು ಹೊರೆಯೆಂದು ಹೆದರಿ ಕೇಳಿರಲಿಲ್ಲ. ಆಕೆಯೂ ಸಾಕಿ ದಣಿದು ಕೇಳಿದವರಲ್ಲ. ಕೋರ್ಟಿನ ನಿರಾಕರಣೆ ಸರಿಯೆಂದು ನಾವು ಅಂದೂ ಭಾವಿಸಿದ್ದೆವು, ಇಂದೂ ಭಾವಿಸುತ್ತೇವೆ. ಆದರೆ ಆ ತಾಯಿ ಎದುರು ಬಂದು ನಿಂತರೆ ಇದನ್ನು ಯಾವ ಮಾತಿನಲ್ಲಿ ಹೇಳಬೇಕೆಂದು ನಮಗೆ ಇನ್ನೂ ತಿಳಿದಿಲ್ಲ.