ಉಸಿರಿಗೆ ಸಾಕ್ಷಿ ಯಾರು?

ಸಂತೆಕಟ್ಟೆಯಲ್ಲಿ ಅಕ್ಕನ ಮನೆ. ಕಳೆದ ಮಳೆಗಾಲವಿಡೀ ಅವಳ ಏಳು ವರ್ಷದ ಮಗ, "ಚಿಕ್ಕಮ್ಮ, ರಾತ್ರಿ ಎದೆಯೊಳಗೆ ಪೀಪಿ ಊದಿದ ಹಾಗಾಗ್ತದೆ" ಎನ್ನುತ್ತಿದ್ದ. ಬೆಳಿಗ್ಗೆ ನೋಡಿದರೆ ಜಗಲಿಯಲ್ಲಿ ಓಡಾಡಿಕೊಂಡಿರುತ್ತಿದ್ದ. ಶಾಲೆ ತಪ್ಪಿಸುವ ಉಪಾಯ ಎಂದು ಮೊದಲು ಹೇಳಿದವಳು ನಾನೇ.

ನನ್ನ ಸಂಶೋಧನೆ ತತ್ತ್ವಶಾಸ್ತ್ರದಲ್ಲಿ. ಹೇಳುವವರು ಯಾರೆಂದು ನೋಡಿ ಅವರ ಮಾತಿನ ತೂಕ ಇಳಿಸುವುದೂ ಅನ್ಯಾಯವೇ ಎಂದು ಮಿರಾಂಡಾ ಫ್ರಿಕರ್ 2007ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಅದರ ಮೇಲೆ ಅಧ್ಯಾಯ ಬರೆಯುತ್ತಿದ್ದ ನಾನು ಮನೆಯ ಮಗುವಿನ ಮಾತನ್ನು ತೂಗಿಯೂ ನೋಡಿರಲಿಲ್ಲ.

ಒಂದು ರಾತ್ರಿ ಅವನು ಮಲಗಲಾಗದೆ ಕೂತೇ ಬೆಳಗು ಮಾಡಿದ. ಎರಡು ದಿನ ಬಿಟ್ಟು ಮಣಿಪಾಲದಲ್ಲಿ ಅಲರ್ಜಿ ತಜ್ಞೆಯೊಬ್ಬರನ್ನು ಕಂಡೆವು. ಅವರು ನಮ್ಮನ್ನು ಬಿಟ್ಟು ಅವನನ್ನೇ ಕೇಳಿದರು: ಯಾವಾಗ, ಎಲ್ಲಿ, ಹೇಗೆ? ಮುಂಗೈ ಮೇಲೆ ಹನಿಗಳನ್ನಿಟ್ಟು ಮೆಲ್ಲಗೆ ಚುಚ್ಚಿದರು. ಕಾಲು ಗಂಟೆಯಲ್ಲಿ, ಹಾಸಿಗೆಯ ಧೂಳಿನ ನುಸಿಯ ಹನಿ ಬಿದ್ದಲ್ಲಿ ದದ್ದು ಎದ್ದಿತ್ತು. ಆದರೆ ಊದುವ ಪರೀಕ್ಷೆಯ ಫಲಿತಾಂಶ ನಾರ್ಮಲ್. ಆ ಶಬ್ದ ಕೇಳಿದ್ದೇ ಹುಡುಗ ನನ್ನ ಮುಖ ನೋಡಿದ. "ನಾನು ಸುಳ್ಳು ಹೇಳ್ಲಿಲ್ಲ" ಎಂದ.

ವೈದ್ಯೆ ಹೇಳಿದರು: "ಉಬ್ಬಸ ಬಂದು ಹೋಗುವ ಕಾಯಿಲೆ. ಇವತ್ತು ಸರಿಯಿದೆ ಎಂದರೆ ಮೊನ್ನೆ ರಾತ್ರಿಯೂ ಸರಿಯಿತ್ತು ಎಂದಲ್ಲ. ಆ ರಾತ್ರಿಗೆ ಇವನೇ ಸಾಕ್ಷಿ."

ಹಾಗಾದರೆ ಮಕ್ಕಳು ಸುಳ್ಳು ಹೇಳುವುದೇ ಇಲ್ಲವೇ? ಹೇಳುತ್ತಾರೆ. ನಂಬುವುದೆಂದರೆ ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳುವುದಲ್ಲ. ಆ ಮಾತಿನಿಂದ ವಿಚಾರಣೆ ಶುರು ಮಾಡುವುದು. ನಾನು ಅಲ್ಲಿಗೇ ವಿಚಾರಣೆ ಮುಗಿಸಿದ್ದೆ. ನಂಬಿ ಮೋಸಹೋದರೆ ಒಂದು ದಿನದ ಪಾಠ ತಪ್ಪೀತು. ನಂಬದೆ ತಪ್ಪಿದರೆ ಹೋಗುವುದು ಉಸಿರು. ಎರಡೂ ತಪ್ಪುಗಳ ಬೆಲೆ ಒಂದೇ ಅಲ್ಲದಿರುವಾಗ, ಪುರಾವೆ ಸಿಗುವವರೆಗೆ ನಂಬುವುದಿಲ್ಲ ಎಂಬ ನಿಲುವನ್ನು ನಿಷ್ಪಕ್ಷಪಾತ ಎನ್ನಲಾಗದು.

ಇವನ ಕೈಯಲ್ಲಿ ಈಗಿರುವ ಇನ್ಹೇಲರಿನ ಹಿಂದೆಯೂ ಒಂದು ಮಗುವಿನ ಮಾತಿದೆ. 1955ರಲ್ಲಿ ಅಮೆರಿಕದ ರೈಕರ್ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೈಸನ್ ಅವರನ್ನು ಅಸ್ತಮಾ ಇದ್ದ 13 ವರ್ಷದ ಮಗಳು ಕೇಳಿದಳಂತೆ: ಹೇರ್‌ಸ್ಪ್ರೇ ಬರುವ ಹಾಗೆ ನನ್ನ ಔಷಧ ಯಾಕೆ ಬರಬಾರದು? ಅಪ್ಪ ಅದನ್ನು ಮಕ್ಕಳಾಟಿಕೆ ಎಂದು ಬಿಡಲಿಲ್ಲ. 1956ರಲ್ಲಿ ಇನ್ಹೇಲರ್ ಮಾರುಕಟ್ಟೆಗೆ ಬಂತು.

ಅಕ್ಕ ಈಗ ಹಾಸಿಗೆಯ ಬಟ್ಟೆಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯುತ್ತಾಳೆ. ಮೊನ್ನೆ ಬೆಳಿಗ್ಗೆ ಅವನು, "ಚಿಕ್ಕಮ್ಮ, ನಿನ್ನೆ ಪೀಪಿ ಇರಲಿಲ್ಲ" ಎಂದ. ಅದಕ್ಕೂ ಅವನೊಬ್ಬನೇ ಸಾಕ್ಷಿ. ನಂಬಿದೆ.