ಮಳಿ ಬಂತ್ರಿ, ಎತ್ತು ಎಲ್ಲದಾವು?

ಗೋವಾದ ಕುಂಡಯಿಯ ಕೈಗಾರಿಕಾ ವಸಾಹತಿನ ಪಕ್ಕದ ಚಹಾದಂಗಡಿಯಲ್ಲಿ ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ನಿಂತರೆ ಕೊಂಕಣಿಯ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಅದೂ ಗದಗ, ಬಾಗಲಕೋಟೆ ಸೀಮೆಯ ಗಟ್ಟಿ ಕನ್ನಡ. ಕೆಲವರು ಬಂದು ಇಪ್ಪತ್ತು ವರ್ಷವಾಯಿತು; ಕೆಲವರು 2023ರ ಬರ ಕಂಡು ಗುಳೆ ಎದ್ದವರು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಮರುವರ್ಷ ಮಳೆ ಚೆನ್ನಾಗಿಯೇ ಆಯಿತು. ಹಾಗಾಗಿ ರೋಣದ ಕಡೆಯ ಒಬ್ಬರನ್ನು ನಾನೂ ಎಲ್ಲರಂತೆ ಕೇಳಿಬಿಟ್ಟೆ: ಮಳೆ ಬಂತಲ್ಲ, ಊರಿಗೆ ಹೋಗಲಿಲ್ಲವೇ? ಅವರು ಲೋಟ ಕೆಳಗಿಟ್ಟರು. "ಮಳಿ ಬಂತ್ರಿ, ಎತ್ತು ಎಲ್ಲದಾವು?"

ಬರವೆಂದರೆ ನಾವು ಖಾಲಿ ಕೊಡ, ಬಿರುಕು ಬಿಟ್ಟ ಕೆರೆಯಂಗಳ ನೆನೆಯುತ್ತೇವೆ. ಅದು ಪತ್ರಿಕೆಯಲ್ಲಿ ಬರುವ ಚಿತ್ರ. ಎರೆಹೊಲದಲ್ಲಿ ಬರ ನಡೆಯುವ ದಾರಿಯೇ ಬೇರೆ. ಮೊದಲು ಜೋಳ ಹೋಗುತ್ತದೆ. ಜೋಳದೊಂದಿಗೆ ಕಣಿಕೆ ಹೋಗಿ ಹಿತ್ತಲ ಬಣವೆ ಕರಗುತ್ತದೆ. ಬದುವಿನ ಬನ್ನಿ, ಜಾಲಿಯ ಟೊಂಗೆ ಕಡಿದು ದನಕ್ಕೆ ಹಾಕುತ್ತಾರೆ. ಸವರಿದ ಮರದಲ್ಲಿ ಹೂವಿಲ್ಲ, ಹೂವಿಲ್ಲದ ಕಡೆ ಜೇನು ಸುಳಿಯದು. ಕಡೆಗೆ ಎತ್ತುಗಳು ಸಂತೆಗೆ ಹೋಗುತ್ತವೆ, ಅದೂ ಎಲ್ಲರೂ ಮಾರುವ ಹೊತ್ತಿನಲ್ಲಿ, ಸಿಕ್ಕಷ್ಟು ಬೆಲೆಗೆ. ಕೊಟ್ಟಿಗೆ ಬರಿದಾದ ಮೇಲೆ ತಿಪ್ಪೆಯೂ ಬರಿದು. ಗೊಬ್ಬರ ಕಾಣದ ಮಣ್ಣಿನಲ್ಲಿ ಎರೆಹುಳು ಕಡಿಮೆ. ಉಳುವವನ ಹಿಂದೆಯೇ ನಡೆದು ಹುಳ ಹೆಕ್ಕುವ ಬೆಳ್ಳಕ್ಕಿಗೂ ಆ ಹೊಲದಲ್ಲಿ ಕೆಲಸವಿಲ್ಲ. ಮರುವರ್ಷ ಮುಂಗಾರು ಸರಿಯಾದ ದಿನಕ್ಕೇ ಬಂದು ಹೆಸರು ಬಿತ್ತಲು ಹದವಾಗಿರುತ್ತದೆ, ಆದರೆ ಉಳುಮೆಗೆ ಬಾಡಿಗೆಯ ಟ್ರ್ಯಾಕ್ಟರ್ ಬೇಕು. ಬಾಡಿಗೆಗೆ ದುಡ್ಡು ಬೇಕು. ದುಡ್ಡಿರುವುದು ಕುಂಡಯಿಯಲ್ಲಿ!

ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಗೋವಾದವರಿಗೆ ಇದೆಲ್ಲ ದೂರದ ಕಥೆ ಅನ್ನಿಸಬಹುದು. ಆದರೆ ಕುಂಬಾರ್ಜುವೆ ಕಾಲುವೆಯ ಬದಿಯ ಖಾಜಾನ್ ಗದ್ದೆಯ ಹಿರಿಯರನ್ನು ಕೇಳಿ. ನಮ್ಮ ಕುಮಟಾದ ಗಜನಿಯಂತೆಯೇ ಇದೂ ಉಪ್ಪುನೀರಿನ ಮಗ್ಗುಲಲ್ಲಿ ಬಾಂದ್ ಕಟ್ಟಿ ಮಾಡಿದ ಭೂಮಿ. ಅಲ್ಲಿಯ ಕಗ್ಗಕ್ಕೆ ಇಲ್ಲಿ ಕೊರ್ಗುಟ್ ಎಂಬ ಭತ್ತ ಸಮ. ಉಬ್ಬರದಲ್ಲಿ ಮುಚ್ಚಿ ಇಳಿತದಲ್ಲಿ ತೆರೆಯುವ ಮರದ ಬಾಗಿಲಿಗೆ ಮಾನಸ ಎಂದು ಹೆಸರು. ಎಷ್ಟು ಜಾಣ ಬಾಗಿಲಾದರೂ ಬೇಸಿಗೆಯ ಉಪ್ಪನ್ನು ಮಣ್ಣಿನಿಂದ ತೊಳೆಯಬೇಕಾದದ್ದು ಮೊದಲ ಮಳೆಯೇ. ಅದು ತಡವಾದರೆ ಉಪ್ಪು ಸಹಿಸುವ ಕೊರ್ಗುಟ್‌ನ ಮೊಳಕೆಯೂ ಸೊರಗುತ್ತದೆ. ಬೇಸತ್ತು ಒಂದೆರಡು ವರ್ಷ ಪಾಳು ಬಿಟ್ಟು ಬಾಂದ್ ಒಡೆದರೆ ಗದ್ದೆಗೆ ಉಪ್ಪುನೀರು ನುಗ್ಗಿ ಕಾಂಡ್ಲಾ ಕಾಡು ಬೆಳೆಯುತ್ತದೆ. ಆಮೇಲೆ ಎಷ್ಟು ಮಳೆ ಸುರಿದರೂ ಅದು ಗದ್ದೆಯಲ್ಲ.

ಮಳೆ ಬಂದ ಮಾತ್ರಕ್ಕೆ ಬರ ಮುಗಿಯಿತೆಂದು ಲೆಕ್ಕ ಹಾಕುವವರು ನಾವು, ಮನೆ ಬಾಡಿಗೆಗೆ ಕೊಟ್ಟವರು, ಕೆಲಸಕ್ಕೆ ಜನ ಇಟ್ಟುಕೊಂಡವರು. ಒಳ್ಳೆಯ ಮಳೆಗಾಲದಲ್ಲಿ ಯಾರಾದರೂ ಮುಂಗಡ ಕೇಳಿದರೆ ನಮ್ಮ ಹುಬ್ಬು ಏರುತ್ತದೆ; ಹೋದ ವರ್ಷ ಕೇಳಿದ್ದರೆ ಮರುಕದಿಂದಲೇ ಕೊಡುತ್ತಿದ್ದೆವು. ನಿಜವಾಗಿ ದುಡ್ಡು ಕೆಲಸಕ್ಕೆ ಬರುವುದು ಈಗ, ಬೀಜ ಗೊಬ್ಬರ ಕೊಳ್ಳುವಾಗ. ಬಾಡಿಗೆ ಒಂದು ತಿಂಗಳು ತಡವಾದರೆ ಕಾಯೋಣ, ಬಿತ್ತನೆಗೆ ಎಂಟು ದಿನ ರಜೆ ಕೇಳಿದರೆ ಕೆಲಸ ಕಳೆಯದೆ ಕೊಡೋಣ. ರೋಣದವರು ಹೋದ ದೀಪಾವಳಿಗೆ ಊರಿಗೆ ಹೋಗಿ ಎರಡು ಹೋರಿಗರು ಕೊಂಡು ಅಣ್ಣನ ಕೊಟ್ಟಿಗೆಯಲ್ಲಿ ಕಟ್ಟಿ ಬಂದಿದ್ದಾರಂತೆ. ನೊಗಕ್ಕೆ ಬರಲು ಇನ್ನೂ ಎರಡು ವರ್ಷ ಬೇಕು.