ಎರಡನೆಯ ಕೊಡೆ

ಜಹೀರಾಬಾದಿನ ಕಡೆಯ ಶಾಲೆಗಳಲ್ಲಿ ಪಾಠ ನಡುವೆ ನಿಲ್ಲುವುದಕ್ಕೆ ಒಂದು ಕಾರಣ ಆಕಾಶದಲ್ಲಿದೆ. ಬೀದರಿನ ವಾಯುಸೇನೆಯ ನೆಲೆ ಇಲ್ಲಿಗೆ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. 2008ರಿಂದ ಅಲ್ಲಿ ಹಾಕ್ ಎಂಬ ವಿಮಾನಗಳಲ್ಲಿ ತರುಣ ಚಾಲಕರಿಗೆ ಶಿಕ್ಷಣ ಕೊಡುತ್ತಾರೆ. ಸದ್ದು ಕೇಳಿದೊಡನೆ ಮಕ್ಕಳ ಕತ್ತು ಕಿಟಕಿಯತ್ತ ಹೊರಳುತ್ತದೆ. ಉಪಾಧ್ಯಾಯರ ಕತ್ತೂ ಹೊರಳುತ್ತದೆಂಬುದನ್ನು ನಾವು ಮುಚ್ಚಿಡುವುದಿಲ್ಲ.

ಅಂಥದೊಂದು ದಿನ ವ್ಯಾಕರಣವನ್ನು ಬದಿಗಿಟ್ಟು, 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ನಡೆದುದನ್ನು ಹೇಳಿದೆವು. ಬೀದರಿನದೇ ಆದ ಸೂರ್ಯಕಿರಣ ತಂಡದ ಎರಡು ವಿಮಾನಗಳು ಅಭ್ಯಾಸದ ಹೊತ್ತಿನಲ್ಲಿ ಒಂದಕ್ಕೊಂದು ತಾಗಿದವು. ಒಬ್ಬ ಚಾಲಕರು ತೀರಿಕೊಂಡರು. ಇಬ್ಬರು ಆಸನಸಮೇತ ಹೊರಚಿಮ್ಮಿ, ಧುಮುಕುಕೊಡೆಯ ನೆರವಿನಿಂದ ನೆಲ ಮುಟ್ಟಿ ಬದುಕಿದರು. ಅಲ್ಲಿಂದ ಮಾತು ಆಟಕ್ಕಾಗಿಯೇ ವಿಮಾನದಿಂದ ಧುಮುಕುವವರ ಕಡೆಗೆ ಹೊರಳಿತು. ಮೈಸೂರಿನಲ್ಲಿ ಅಂಥ ಶಿಬಿರಗಳು ನಡೆದುದುಂಟು. ಸುಮಾರು ನಾಲ್ಕು ಸಾವಿರ ಮೀಟರಿನ ಎತ್ತರದಿಂದ ಬಿಟ್ಟುಕೊಂಡವನು ಒಂದು ನಿಮಿಷದಷ್ಟು ಹೊತ್ತು ಬರಿಯ ಗಾಳಿಯಲ್ಲಿ, ಗಂಟೆಗೆ ಇನ್ನೂರು ಕಿಲೋಮೀಟರಿನ ಹತ್ತಿರದ ವೇಗದಲ್ಲಿ ಬೀಳುತ್ತಾನೆ. ಆಮೇಲೆ ಕೊಡೆ ಬಿಚ್ಚುತ್ತಾನೆ. ಅವನ ಬೆನ್ನ ಚೀಲದಲ್ಲಿ ಕೊಡೆಗಳು ಎರಡು ಇರುತ್ತವೆ. ಮೊದಲನೆಯದು ಕೈಕೊಟ್ಟರೆ ಎರಡನೆಯದು ಎಂದು ವಿವರಿಸಿದೆವು.

ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಎರಡು ಯಾಕೆ ಸರ್? ಒಂದರ ಮೇಲೆ ನಂಬಿಕೆ ಇಲ್ಲದವನು ಧುಮುಕುವುದಾದರೂ ಯಾಕೆ?" ಎಂದ. ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ. ಹುಡುಗನ ಮನೆ ನಾರಾಯಣಖೇಡದ ಹತ್ತಿರದ ಹಳ್ಳಿಯಲ್ಲಿ. ಅವನ ತಂದೆ ಮರವೇರಿ ಶಿಂದಿ ಇಳಿಸುವವರು. ತೆಲಂಗಾಣ ಸರ್ಕಾರ 2024ರ ಜುಲೈ 14ರಂದು ಅಬ್ದುಲ್ಲಾಪುರಮೆಟ್ಟಿನ ಬಳಿಯ ಲಷ್ಕರಗೂಡದಲ್ಲಿ ಮರವೇರುವವರಿಗೆ ಕಾಟಮಯ್ಯ ರಕ್ಷಣ ಕವಚವೆಂಬ ಹೊಸ ಹಗ್ಗ ಪಟ್ಟಿಗಳ ಸಲಕರಣೆಯನ್ನು ಹಂಚಲು ಆರಂಭಿಸಿತಷ್ಟೆ. ಆ ತಂದೆ ಅದು ಬೇಡವೆಂದು ಹೇಳಿದ್ದರೆಂದು ನಮಗೆ ಆಮೇಲೆ ತಿಳಿಯಿತು. ಹುಡುಗ ಕೇಳಿದ್ದು ಆಕಾಶದ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ.

ರಕ್ಷಣೆಯ ಸಾಧನವನ್ನು ಆರಿಸಿಕೊಳ್ಳುವುದು ಅಂಜಿಕೆಯ ಗುರುತೇ? ಈ ಪ್ರಶ್ನೆಯನ್ನು ಸಲೀಸಾಗಿ ತಳ್ಳಿಹಾಕುವಂತಿಲ್ಲ. ಭಾರತೀಯರಲ್ಲಿ ಮೊದಲು ಧುಮುಕುಕೊಡೆಯಿಂದ ಇಳಿದವರಲ್ಲಿ ಒಬ್ಬರು ಎ. ಜಿ. ರಂಗರಾಜ್ ಎಂಬ ಸೈನ್ಯದ ವೈದ್ಯರು. ಅದು 1941ರ ಮಾತು. ಅವರೇ ಹತ್ತು ವರ್ಷಗಳ ತರುವಾಯ, 1951ರ ಮಾರ್ಚಿಯಲ್ಲಿ, ಕೊರಿಯಾದ ಯುದ್ಧಭೂಮಿಯಲ್ಲಿ ತಮ್ಮ ವೈದ್ಯ ತಂಡದೊಡನೆ ಧುಮುಕಿ ಗಾಯಾಳುಗಳ ಶುಶ್ರೂಷೆ ಮಾಡಿದರು. ಮಹಾವೀರ ಚಕ್ರ ಪಡೆದರು. ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಪಡೆಗಳಲ್ಲಿ ಧುಮುಕುವವನಿಗೆ ಎರಡನೆಯ ಕೊಡೆ ಕೊಡುವ ವಾಡಿಕೆಯೇ ಇರಲಿಲ್ಲ. ಒಂದೇ ಕೊಡೆಯವರು ಧೀರರಲ್ಲವೇ ಎಂದರೆ, ನಿಸ್ಸಂದೇಹವಾಗಿ ಧೀರರು. ಆದರೆ ಒಂದು ಕೊಡೆ ಸಾಕೆಂದು ಆರಿಸಿದವರು ಅವರಲ್ಲ. ಆರಿಸಿದವರು ಧುಮುಕದೆ ಕಚೇರಿಯಲ್ಲಿ ಕುಳಿತವರು. ಒಬ್ಬನ ಧೈರ್ಯದ ಲೆಕ್ಕದಲ್ಲಿ ಇನ್ನೊಬ್ಬನು ಉಳಿತಾಯ ಮಾಡುವುದು ಯುದ್ಧದಲ್ಲಿ ಮಾತ್ರ ಕಾಣುವ ಸಂಗತಿಯಲ್ಲ. ತಾಂಡೂರಿನ ಕಲ್ಲುಗಣಿಗಳ ದಾರಿಯಲ್ಲಿ ಹೋಗಿಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವಂತ ಇಚ್ಛೆಯಿಂದ ಧುಮುಕುವವನ ವಿಷಯ ಬೇರೆ. ಅವನ ಆಯ್ಕೆಗೆ ಅವನೇ ಹೊಣೆ. ಪ್ಯಾರಿಸಿನಲ್ಲಿ ಫ್ರಾನ್ಸ್ ರೀಷೆಲ್ಟ್ ಎಂಬ ದರ್ಜಿ ಇದ್ದ. ವಿಮಾನ ಚಾಲಕರು ತೊಟ್ಟುಕೊಳ್ಳಬಹುದಾದ, ಬೇಕಾದಾಗ ಕೊಡೆಯಂತೆ ಅರಳುವ ಒಂದು ಅಂಗಿಯನ್ನು ಹೊಲಿದ. 1912ರ ಫೆಬ್ರವರಿ 4ರಂದು ಐಫೆಲ್ ಗೋಪುರದ ಮೊದಲನೆಯ ಅಂತಸ್ತಿನಿಂದ, ಸುಮಾರು 57 ಮೀಟರಿನ ಎತ್ತರದಿಂದ, ಪರೀಕ್ಷೆ ನಡೆಸಲು ಅಪ್ಪಣೆ ದೊರಕಿತು. ಬೊಂಬೆಯನ್ನು ಬಿಟ್ಟು ನೋಡುತ್ತಾನೆಂದು ಅಧಿಕಾರಿಗಳು ನಂಬಿದ್ದರು. ಅವನು ತಾನೇ ಅಂಗಿ ತೊಟ್ಟು ಅಂಚಿನಲ್ಲಿ ನಿಂತ. ಗೆಳೆಯರು ಬೇಡವೆಂದರೂ ಕೇಳಲಿಲ್ಲ. ಅಂಗಿ ಅರಳಲಿಲ್ಲ, ಅವನು ಸತ್ತ. ಆ ದೃಶ್ಯದ ಚಲನಚಿತ್ರ ಇಂದಿಗೂ ಉಳಿದಿದೆ. ಹಾರುವ ಮುನ್ನ ಅಂಚಿನಲ್ಲಿ ಅವನು ಬಹಳ ಹೊತ್ತು ತಡವರಿಸುತ್ತಾನೆ. ನಮ್ಮ ಕಣ್ಣಿಗೆ ಆ ತಡವರಿಕೆ ಅವನ ಹಾರಾಟಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅವನೊಳಗೆ ಯಾವುದೋ ಒಂದು ದನಿ 'ನಿಲ್ಲು' ಎಂದಿರಬೇಕು. ಅಷ್ಟು ಜನ ನೋಡುತ್ತಿರುವಾಗ ಹಿಂದಕ್ಕೆ ಇಳಿದು ಹೋಗುವುದಕ್ಕೆ ಬೇಕಾದ ಧೈರ್ಯ ಅವನಲ್ಲಿರಲಿಲ್ಲವೆಂದು ನಾವು ಹೇಳಿದರೆ ಅದು ಕಠೋರವಾದೀತೇನೋ; ಆದರೂ ಹೇಳದಿರಲಾರೆವು.

ಧುಮುಕುವವರ ಶಾಸ್ತ್ರದಲ್ಲಿ ಮುಖ್ಯವಾದ ಪಾಠ ಈ ಹಿಂದಿರುಗುವಿಕೆಯದೇ. ಅಮೆರಿಕದ ಸಂಘದ ನಿಯಮದಂತೆ ಹೊಸಬರು ಗಂಟೆಗೆ 14 ಮೈಲಿಗಿಂತ ಜೋರಾದ ಗಾಳಿಯಲ್ಲಿ ಧುಮುಕಕೂಡದು. ಮೇಲೇರಿದ ಮೇಲೆ ಗಾಳಿ ಹೆಚ್ಚಿದರೆ ವಿಮಾನದಲ್ಲೇ ಕುಳಿತು ನೆಲಕ್ಕೆ ಮರಳಬೇಕು. ತೆತ್ತ ಹಣ ಹೋಯಿತು, ಕೆಳಗೆ ಕಾದಿದ್ದ ಗೆಳೆಯರು ನಕ್ಕರು, ಅಷ್ಟೆ.

ಇನ್ನು ಸಲಕರಣೆಯ ಆಯ್ಕೆ. ಬೀಳುವ ಹೊತ್ತಿನಲ್ಲಿ ಯೋಚಿಸಲು ಅವಕಾಶವಿಲ್ಲ. ಮೊದಲನೆಯ ಕೊಡೆ ಸುತ್ತಿಕೊಂಡಿತೆಂದರೆ ಅದನ್ನು ಕಳಚಿ ಎರಡನೆಯದನ್ನು ಬಿಚ್ಚಲು ಕೆಲವು ಸೆಕೆಂಡುಗಳಿವೆ. ಕಲಿಯುವವರಿಗೆ ನೆಲದಿಂದ 2,500 ಅಡಿಯೊಳಗೆ ಬರುವ ಮುನ್ನವೇ ಆ ನಿರ್ಧಾರ ಆಗಿಬಿಡಬೇಕೆಂದು ಕಲಿಸುತ್ತಾರೆ. ಆದುದರಿಂದ ಕೈ ಯಾವ ಹಿಡಿಕೆಗೆ ಮೊದಲು ಹೋಗಬೇಕು, ಯಾವುದಕ್ಕೆ ಆಮೇಲೆ ಎಂಬುದನ್ನು ನೆಲದ ಮೇಲೆ ನೂರಾರು ಸಲ, ಮಗ್ಗಿ ಬಾಯಿಪಾಠ ಮಾಡಿದ ಹಾಗೆ, ಅಭ್ಯಾಸ ಮಾಡಿಸುತ್ತಾರೆ. ಪ್ರಜ್ಞೆ ತಪ್ಪಿದವನಿಗೋ ಎತ್ತರದ ಅರಿವು ತಪ್ಪಿದವನಿಗೋ ಒಂದು ಪುಟ್ಟ ಯಂತ್ರವುಂಟು. ಜರ್ಮನಿಯಲ್ಲಿ 1991ರಲ್ಲಿ ಹೊರಬಂದ ಅದು, ನೆಲದಿಂದ ಸುಮಾರು 225 ಮೀಟರಿನ ಎತ್ತರದಲ್ಲೂ ಮನುಷ್ಯ ಬೀಳುವ ವೇಗದಲ್ಲೇ ಇದ್ದಾನೆಂದು ಕಂಡುಕೊಂಡರೆ ತಾನಾಗಿ ಎರಡನೆಯ ಕೊಡೆಯ ಕಟ್ಟನ್ನು ಕತ್ತರಿಸುತ್ತದೆ. ಅದನ್ನು ಕೊಂಡು ಕಟ್ಟಿಕೊಂಡವನು ಏನು ಮಾಡಿದಂತಾಯಿತು? ನಾಳೆ ತನ್ನ ಬುದ್ಧಿ ಕೆಲಸಮಾಡದೆ ಇರಬಹುದೆಂದು ಇಂದೇ ಒಪ್ಪಿಕೊಂಡಂತಾಯಿತು. ಇಷ್ಟು ವಿನಯ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಕೊಡೆಯ ಅಳತೆಯಲ್ಲೂ ಇದೇ ಮಾತು. ಧುಮುಕುವವನ ಮತ್ತು ಅವನ ಸಲಕರಣೆಯ ಒಟ್ಟು ತೂಕ ಎಷ್ಟು ಪೌಂಡೋ ಅದಕ್ಕಿಂತ ಕಡಮೆ ಚದರಡಿಯ ಬಟ್ಟೆ ಹೊಸಬನಿಗೆ ಸಲ್ಲದೆಂಬುದು ಸ್ಥೂಲವಾದ ಲೆಕ್ಕ. 190 ಪೌಂಡಿಗೆ 190 ಚದರಡಿ. ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ದೊಡ್ಡ ಕೊಡೆ ನಿಧಾನ. ಚಿಕ್ಕದು ವೇಗ, ತಿರುಗಿಸಿದತ್ತ ಥಟ್ಟನೆ ತಿರುಗುತ್ತದೆ, ನೋಡುವವರ ಕಣ್ಣಿಗೆ ಹಬ್ಬ. ಹೀಗಾಗಿ ಹತ್ತಾರು ಸಲ ಧುಮುಕಿದವನಿಗೆ ಚಿಕ್ಕದರ ಮೇಲೆ ಮನಸ್ಸು ಹೋಗುತ್ತದೆ. ಅಣ್ಣನ ಸೈಕಲ್ಲನ್ನು ಕಾಲು ಎಟುಕದಿದ್ದರೂ ಹತ್ತುವ ಹುಡುಗನ ಮನಸ್ಸೇ ಅದು. ಬೇರೆಯವರು ಬಳಸಿ ಮಾರುವ ಕೊಡೆಯನ್ನು ಕೊಳ್ಳುವವನು, ಮಾರುವವನಲ್ಲದ ಇನ್ನೊಬ್ಬ ಬಲ್ಲವನಿಗೆ ತೋರಿಸದೆ ಹಣ ಎಣಿಸಬಾರದು. ಹೊಸದಾಗಿ ಕಲಿಯುವವನು ಕೊಳ್ಳದೆ, ಕಲಿಸುವವರ ಸಲಕರಣೆಯಲ್ಲೇ ಕಲಿಯುವುದು ಮೇಲು.

ಇಲ್ಲಿ ಒಂದು ವಿಚಿತ್ರವಿದೆ. ಕೆಟ್ಟ ಕೊಡೆಯನ್ನು ಕ್ಷಣದಲ್ಲಿ ಕಳಚುವ ಮೂರು ಉಂಗುರಗಳ ಉಪಾಯವನ್ನು ಬಿಲ್ ಬೂತ್ ಎಂಬವರು 1970ರ ದಶಕದಲ್ಲಿ ಕಂಡುಹಿಡಿದರು. ಅದರಿಂದ ಬದುಕಿದವರು ಬಹಳ. ಸಲಕರಣೆ ಸುರಕ್ಷಿತವಾದಷ್ಟೂ ಜನ ಹೆಚ್ಚು ಅಪಾಯಕ್ಕೆ ಕೈಹಾಕಿ, ಸಾಯುವವರ ಲೆಕ್ಕವನ್ನು ಮೊದಲಿನಷ್ಟೇ ಉಳಿಸಿಕೊಳ್ಳುತ್ತಾರೆಂದು ಹೇಳಿದವರೂ ಅವರೇ. ವಾಸ್ತವವಾಗಿಯೂ, ಕೊಡೆ ಬಿಚ್ಚದೆ ಸಾಯುವುದು ಅಪರೂಪವಾದ ಮೇಲೆ, ಚೆನ್ನಾಗಿ ಬಿಚ್ಚಿಕೊಂಡ ಕೊಡೆಯ ಕೆಳಗೆ, ನೆಲದ ಹತ್ತಿರ ವೇಗದ ತಿರುವು ತೆಗೆದುಕೊಳ್ಳಲು ಹೋಗಿ ಸತ್ತವರು ಅನೇಕರು. ಹಾಗಾದರೆ ಹುಡುಗನ ತಂದೆ ಹೇಳುವುದೇ ಸರಿಯೆ? ಎರಡನೆಯ ಹಗ್ಗವಿದೆಯೆಂಬ ಧೈರ್ಯದಿಂದಲೇ ಕೈ ಸಡಿಲವಾಗುವುದೆ? ಈ ತರ್ಕಕ್ಕೆ ನಾವು ಬಹಳ ದಿನ ಉತ್ತರ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ನಮ್ಮದೇ ಒಂದು ತಪ್ಪಿನಲ್ಲಿ.

ಬಹಳ ವರ್ಷಗಳ ಹಿಂದೆ ನಾವು ಒಂದು ಶಾಲೆಯಲ್ಲಿ ಹೊಸದಾಗಿ ಸೇರಿದ್ದೆವು. ಆಗಸ್ಟ್ 15ರ ಹಿಂದಿನ ಸಂಜೆ ತೋರಣ ಕಟ್ಟಿಸುತ್ತಿದ್ದೆವು. ಏಳನೆಯ ತರಗತಿಯ ಚುರುಕಾದ ಹುಡುಗನೊಬ್ಬ ಏಣಿ ಹತ್ತಿದ. ಏಣಿಯ ಒಂದು ಮೆಟ್ಟಿಲು ಸಡಿಲವಾಗಿದ್ದು, ಅದನ್ನು ನಾರಿನ ಹಗ್ಗದಿಂದ ಬಿಗಿದಿದ್ದರು. ಬಿಗಿದವರು ಯಾರು? ಜವಾನ ನೋಡಿದ್ದಾನೆಂದು ನಾವು ತಿಳಿದಿದ್ದೆವು. ಮೇಷ್ಟ್ರು ನೋಡಿದ್ದಾರೆಂದು ಜವಾನ ತಿಳಿದಿದ್ದ. ಹಗ್ಗ ಜಾರಿತು, ಹುಡುಗ ಬಿದ್ದ, ಬಲಗೈಯ ಮಣಿಕಟ್ಟು ಮುರಿಯಿತು. ತಾಯಿ ಬಂದಳು. ಬೈಯಲಿಲ್ಲ. "ನಿಮ್ಮ ಮಗ ಇದ್ದಿದ್ರ ಹತ್ತಸ್ತಿದ್ರೇನ್ರೀ ಗುರುಗಳೇ?" ಎಂದು ಒಂದೇ ಮಾತು ಕೇಳಿದಳು. ಆಗ ನಮ್ಮ ಬಾಯಿಂದ ಏನು ಹೊರಟಿತೋ ನೆನಪಿಲ್ಲ. ಉತ್ತರವಂತೂ ಹೊರಡಲಿಲ್ಲ. ಆ ಹುಡುಗ ಪರೀಕ್ಷೆಯನ್ನು ಎಡಗೈಯಲ್ಲಿ ಬರೆದ.

ಅಂದು ಏಣಿಗೆ ಹಗ್ಗವಿದ್ದುದರಿಂದಲೇ ನಾವು ಮೈಮರೆತದ್ದು ನಿಜ. ಆದರೆ ಕೇಡು ಹಗ್ಗದ್ದಲ್ಲ. ಆ ಹಗ್ಗದ ಹಿಂದೆ ಹೆಸರಿಟ್ಟು ಕರೆಯಬಹುದಾದ ಒಬ್ಬ ಮನುಷ್ಯನಿರಲಿಲ್ಲ. ಕೊಡೆಯ ಲೋಕದಲ್ಲಿ ಈ ವಿಷಯಕ್ಕೆ ಒಂದು ಏರ್ಪಾಟಿದೆ. ಅಮೆರಿಕದಲ್ಲಿ ಮೊದಲನೆಯ ಕೊಡೆಯನ್ನು ಧುಮುಕುವವನೇ ಮಡಿಸಿಕೊಳ್ಳಬಹುದು. ಎರಡನೆಯದನ್ನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವನೇ ಮಡಿಸಬೇಕು. 180 ದಿನಗಳಿಗೊಮ್ಮೆ ಅದನ್ನು ಪೂರ್ತಿ ಬಿಚ್ಚಿ, ನೂಲುನೂಲು ನೋಡಿ, ಮತ್ತೆ ಮಡಿಸಿ, ದಾರಕ್ಕೆ ತನ್ನ ಗುರುತಿನ ಸೀಸದ ಮುದ್ರೆ ಒತ್ತಿ, ಚೀಟಿಯಲ್ಲಿ ತಾರೀಖು ಬರೆದು ರುಜು ಹಾಕಬೇಕು. ಆ ದೇಶದ ಸೈನ್ಯದಲ್ಲಿ ಕೊಡೆ ಮಡಿಸುವವನೂ ಧುಮುಕಲು ಬಲ್ಲವನೇ ಆಗಿರಬೇಕು. ನೀನು ಮಡಿಸಿದ್ದನ್ನು ನೀನೇ ಕಟ್ಟಿಕೊಂಡು ಧುಮುಕು ಎಂದರೆ ಅವನು ಹಿಂಜರಿಯುವಂತಿಲ್ಲ. ಆ ತಾಯಿ ನಮ್ಮನ್ನು ಕೇಳಿದ್ದೂ ಇದನ್ನೇ ಅಲ್ಲವೆ?

ಹುಡುಗನ ಪ್ರಶ್ನೆಗೆ ಈಗ ನಮಗೆ ಹೀಗೆ ತೋರುತ್ತದೆ. ಒಂದು ಕೊಡೆಯನ್ನು ನಂಬುವುದು ಬಟ್ಟೆಯನ್ನು ನಂಬಿದಂತೆ. ಎರಡನೆಯದನ್ನು ಕಟ್ಟಿಕೊಳ್ಳುವುದು ತನ್ನ ಕೈ ತಪ್ಪಬಹುದೆಂದು ತಿಳಿದು, ಬೇರೊಬ್ಬನ ಕೈಯನ್ನು ನಂಬಿದಂತೆ. ಮೊದಲನೆಯದಕ್ಕಿಂತ ಎರಡನೆಯದು ಕಷ್ಟ. ನನ್ನ ಜೀವ ನನ್ನದು, ಬೇಕಾದ ಹಾಗೆ ಒಡ್ಡುತ್ತೇನೆ ಎನ್ನುವವರಿಗೆ ನಾವು ವಾದದಲ್ಲಿ ಸೋಲಬಹುದು. ಆದರೆ ಬಿದ್ದವನನ್ನು ಎತ್ತಿಕೊಳ್ಳಲು ಓಡಿ ಬರುವವರು ವಾದ ಮಾಡಿ ಬರುವವರಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಒಂದು ಭಾನುವಾರ ಆ ಹುಡುಗನ ಹಳ್ಳಿಗೆ ಹೋದೆವು. ಉಪದೇಶ ಮಾಡುವ ಆಸೆ ಇತ್ತೆಂದು ಒಪ್ಪಿಕೊಳ್ಳುತ್ತೇವೆ. ತಂದೆ ಅಂಗಳದಲ್ಲಿ ಕುಳಿತು ತಮ್ಮ ಮೋಕನ್ನು, ಮುತ್ತಾದನ್ನು ನೋಡುತ್ತಿದ್ದರು. ಮರಕ್ಕೂ ಸೊಂಟಕ್ಕೂ ಸುತ್ತುವ ಆ ಹಳೆಯ ಹಗ್ಗವನ್ನು ಬೆರಳಿನಿಂದ ಅಂಗುಲ ಅಂಗುಲವಾಗಿ ತಡವುತ್ತಿದ್ದರು, ಎಳೆ ಸವೆದ ಕಡೆ ನಿಲ್ಲುತ್ತಿದ್ದರು. ಇದು ದಿನವೂ ನಡೆಯುವ ಕೆಲಸವೆಂದು ಹುಡುಗ ಹೇಳಿದ. ನಾವು ಸಿದ್ಧಮಾಡಿಕೊಂಡು ಹೋಗಿದ್ದ ಮಾತು ಅಲ್ಲಿಯೇ ಅರ್ಧ ಕರಗಿತು. ಹೊಸದನ್ನು ಯಾಕೆ ಒಲ್ಲಿರೆಂದು ಕೇಳಿದೆವು. "ಇದರ ಹುಳುಕು ನನಗ ಗೊತ್ತದರಿ. ಅದರ ಹುಳುಕು ಎಲ್ಲಿರತದ ಅಂತ ಯಾರೂ ಹೇಳಿಲ್ಲ" ಎಂದರು.

ಅಂಜಿಕೆಯೂ ಅಲ್ಲ, ಮೊಂಡುತನವೂ ಅಲ್ಲ. ಕೊಡೆಯ ಚೀಟಿಯಲ್ಲಿ ರುಜು ಎಲ್ಲಿ ಎಂದು ಕೇಳುವವನ ಮಾತು ಅದು. ತರಬೇತಿ ಕೊಡುವವರ ಬಳಿ ಹೋಗಿ, ಪಟ್ಟಿ ಎಲ್ಲಿ ಸವೆಯುತ್ತದೆ, ಕೊಂಡಿ ಹೇಗೆ ನೋಡಬೇಕು ಎಂದು ಕೇಳಿಬರೋಣ, ನಾವೂ ಬರುತ್ತೇವೆ ಎಂದೆವು. ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ. ಮೊದಲ ದಿನ ಎರಡಾಳೆತ್ತರಕ್ಕಿಂತ ಮೇಲೆ ಹೋಗುವುದಿಲ್ಲ. ಅಲ್ಲಿಯೇ ಕೈಬಿಟ್ಟು, ಹಗ್ಗದ ಮೇಲೆ ಪೂರ್ತಿ ಭಾರ ಹಾಕಿ, ಅದು ಹಿಡಿಯುತ್ತದೋ ಇಲ್ಲವೋ ನೋಡುತ್ತಾರೆ. ಕೆಳಗೆ ಹುಲ್ಲು ಹಾಸುವ ಕೆಲಸ ಮಗನದು.